ಕೋಳಿಗೂಡು ಕಟ್ಟಿದ್ದು ಎರಡು ಸಲ

ಹೋದ ವರ್ಷ ಸಂಕ್ರಾಂತಿ ಮುಗಿದು ನಾಲ್ಕೈದು ದಿನ ಆಗಿತ್ತು. ಬೆಳಿಗ್ಗೆ ಐದೂವರೆಗೆ ಅವ್ವ ಹಿತ್ತಲಿಂದ ಕೂಗಿದಳು. ಕೂಗಿದ ರೀತಿಯಲ್ಲೇ ಏನೋ ಆಗಿದೆ ಅಂತ ಗೊತ್ತಾಯ್ತು. ಹೋಗಿ ನೋಡಿದರೆ ಐದು ಕೋಳಿ ಸತ್ತು ಬಿದ್ದಿದ್ದವು. ಒಂದು ಗೂಡಿನೊಳಗೆ, ಎರಡು ಬಣವೆ ಹತ್ತಿರ, ಒಂದು ತಿಪ್ಪೆ ಮೇಲೆ, ಇನ್ನೊಂದು ರಸ್ತೆ ದಂಡೆಗೆ. ಒಂದನ್ನೂ ತಿಂದಿರಲಿಲ್ಲ. ಸುಮ್ನೆ ಕಚ್ಚಿ, ಜಾಡಿಸಿ, ಬಿಸಾಕಿ ಹೋದಂಗಿತ್ತು. ಹನ್ನೊಂದರಲ್ಲಿ ಆರು ಉಳಿದವು, ಅದರಲ್ಲಿ ಒಂದು ಕುಂಟುತ್ತಿತ್ತು. ಹುಂಜ ಮಾತ್ರ ನುಗ್ಗೆಗಿಡದ ಮೇಲಿಂದ ಇಳಿಯಲೇ ಇಲ್ಲ, ಹತ್ತು ಗಂಟೆವರೆಗೂ.

ನಮ್ಮದು ಕುಂದಗೋಳ ತಾಲ್ಲೂಕಿನ ಹಳ್ಳಿ. ನಾನು ದಿನಾ ಬಸ್ಸಲ್ಲಿ ಹುಬ್ಬಳ್ಳಿಗೆ ಹೋಗಿ ಬರುವವನು. ಕೋಳಿ ಸಾಕುವುದು ಅವ್ವನ ಕೆಲಸ, ಗೂಡು ಕಟ್ಟುವುದು ನನ್ನ ಶೋಕಿ. ಸತ್ತ ಗೂಡು (ಹಾಗೇ ಅನ್ನುತ್ತೇನೆ ಈಗ) ಒಂದೇ ಭಾನುವಾರದಲ್ಲಿ ಕಟ್ಟಿದ್ದು. ನಾಲ್ಕು ಬಿದಿರು ಗಳ, ಸುತ್ತ ಆರು ಮೂಲೆ ಕಣ್ಣಿನ ತೆಳ್ಳನೆ ಕೋಳಿ ಜಾಳಿ, ಮೇಲೆ ಹಳೇ ತಗಡು, ಬಾಗಿಲಿಗೆ ಒಂದು ತಂತಿ ಕೊಕ್ಕೆ. ಎರಡು ಸಾವಿರದೊಳಗೆ ಮುಗಿಸಿದೆ ಅಂತ ಫೋಟೋ ತೆಗೆದು ಬೀಗರಿಗೆಲ್ಲ ಕಳಿಸಿದ್ದೆ.

ಮೊದಲು ನಾನು ಬೈದಿದ್ದು ಮುಂಗಲಿಗೆ, ಅಂದರೆ ಮುಂಗುಸಿಗೆ. ಊರಲ್ಲಿ ಎಲ್ಲರೂ ಅದಕ್ಕೇ ಬೈಯುತ್ತಾರೆ. ಪಕ್ಕದ ಮನೆ ಕಾಕಾ ಬಂದು, ಕೈ ಹಿಂದೆ ಕಟ್ಟಿಕೊಂಡು ಗೂಡು ಒಂದು ಸುತ್ತು ಹಾಕಿ, ಕುಕ್ಕರಗಾಲಲ್ಲಿ ಕೂತು ನೆಲ ನೋಡಿದ.

"ತಮ್ಮಾ, ಮುಂಗಲಿ ರಾತ್ರಿ ಮಲಗತೈತಿ. ಅದು ಹಗಲಗಳ್ಳ. ಇದು ನಾಯಿ ಕೆಲಸ. ಉಗುರು ಮೂಡ್ಯಾವ ನೋಡಿಲ್ಲೆ."

ಹೌದು, ಜಾಳಿ ಬುಡದಲ್ಲಿ ಕೆರೆದು ಕೆರೆದು ಒಂದು ಬೋಗುಣಿ ಹಿಡಿಯುವಷ್ಟು ಮಣ್ಣು ತೆಗೆದಿದ್ದವು. ಜಾಳಿಯ ಅಂಚು ಹಲ್ಲಲ್ಲಿ ಹಿಡಿದು ಎಳೆದ ಗುರುತಿತ್ತು. ಅಷ್ಟು ತೆಳ್ಳನೆ ತಂತಿ, ನನ್ನ ಮಗಳೂ ಎಳೆದು ಬಗ್ಗಿಸಬಹುದು. ಕತ್ತಲಲ್ಲಿ ಕೋಳಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಗಾಬರಿಯಾಗಿ ಅದೇ ತೂತಿನಿಂದ ಹೊರಗೆ ಓಡಿ ನಾಯಿಗಳ ಬಾಯಿಗೇ ಬಿದ್ದಿವೆ.

ಅವತ್ತಿನಿಂದ ಉಳಿದ ಕೋಳಿಗಳು ರಾತ್ರಿ ದನದ ಮನೆಯಲ್ಲಿ. ಅವ್ವ ಹಳೇ ಪದ್ಧತಿಯಂಗೆ ದೊಡ್ಡ ಬುಟ್ಟಿ ಡಬ್ಬು ಹಾಕಿ ಮೇಲೊಂದು ಕಲ್ಲು ಇಟ್ಟಳು. "ಬುಟ್ಟಿ ಇದ್ದಾಗ ಒಂದೂ ಹೋಗಿದ್ದಿಲ್ಲ" ಅಂತ ನನಗೆ ಕೇಳುವಂಗೆ ನಾಲ್ಕು ಸಲ ಅಂದಳು. ಅದು ಪೂರ್ತಿ ನಿಜ ಅಲ್ಲ, ಆದರೆ ಅವತ್ತು ವಾದ ಮಾಡುವ ಮುಖ ನನ್ನದಾಗಿರಲಿಲ್ಲ.

ಮತ್ತೆ ಕಟ್ಟುವ ಮೊದಲು ಯಾರ್ಯಾರು ಬರುತ್ತಾರೆ ಅಂತ ನೋಡು ಅಂದಿದ್ದೂ ಕಾಕಾನೇ. ಒಲೆ ಬೂದಿ ಜರಡಿ ಹಿಡಿದು ಖಾಲಿ ಗೂಡಿನ ಸುತ್ತ ಎರಡು ಗೇಣು ಅಗಲ ಹರಡಿದೆ. ಒಳಗೆ ಒಂದಿಷ್ಟು ಗೋವಿನಜೋಳದ ನುಚ್ಚು, ಎರಡು ಮೊಟ್ಟೆ. ಹತ್ತು ದಿನ ಹೀಗೆ ಮಾಡಿದೆ. ದಿನಾ ಬೆಳಿಗ್ಗೆ ಬಸ್ಸಿಗೆ ಹೋಗುವ ಮೊದಲು ಬೂದಿ ಓದುವುದು ಒಂದು ಚಟ ಆಗಿಬಿಟ್ಟಿತ್ತು. ಇಷ್ಟು ಮಂದಿ ನಮ್ಮ ಹಿತ್ತಲಿಗೆ ಬಂದು ಹೋಗುತ್ತಾರೆ ಅಂತ ನನಗೆ ಕನಸಲ್ಲೂ ಗೊತ್ತಿರಲಿಲ್ಲ ನೋಡಿ.

ನಾಯಿ ಪಂಜ ಬಿದ್ದರೆ ಮುಂದೆ ಉಗುರಿನ ಚುಕ್ಕಿ ಕಾಣುತ್ತದೆ. ಬೆಕ್ಕಿನ ಜಾತಿ ನಡೆಯುವಾಗ ಉಗುರು ಒಳಗೆ ಎಳೆದುಕೊಂಡಿರುತ್ತದೆ, ಚುಕ್ಕಿ ಬೀಳುವುದಿಲ್ಲ. ಮೂರನೇ ರಾತ್ರಿ ಉಗುರಿಲ್ಲದ ಪಂಜ ಬಿತ್ತು, ಮನೆ ಬೆಕ್ಕಿಗಿಂತ ದೊಡ್ಡದು. ಕಾಡುಬೆಕ್ಕು ಅಂದ ಕಾಕಾ. ಕಡಲೆ ಹೊಲದ ಕಡೆಯಿಂದ ಬಂದು ಅದೇ ದಾರಿಯಲ್ಲಿ ಹೋಗಿತ್ತು. ಹೆಗ್ಗಣದ ಓಡಾಟ ದಿನಾ ಇದ್ದೇ ಇತ್ತು. ಒಂದು ದಿನ ಬೂದಿಯಲ್ಲಿ ಹಗ್ಗ ಎಳೆದಂಗೆ ಒಂದು ಅಲೆ ಗೆರೆ, ಒಂದು ಮೊಟ್ಟೆ ಮಾಯ. ಸಿಪ್ಪೆ ಇಲ್ಲ, ಹಸಿ ಇಲ್ಲ. ಹಾವು ಇಡೀ ನುಂಗುತ್ತದೆ. ಮುಂಗಲಿಯಾಗಿದ್ದರೆ ಒಡೆದು ತಿಂದು ಸಿಪ್ಪೆ ಬಿಡುತ್ತಿತ್ತು. ಅದೂ ಬಂತು, ಆದರೆ ಕಾಕಾ ಹೇಳಿದಂಗೆ ಹಗಲಲ್ಲಿ. ಒಂದು ಭಾನುವಾರ ಮಧ್ಯಾಹ್ನ ನಾನು ಊಟ ಮಾಡುತ್ತಾ ಕೂತಿದ್ದಾಗಲೇ ಬಣವೆ ಬುಡದಿಂದ ಹೊರಬಂದು, ಎದ್ದು ನಿಂತು ಅತ್ತ ಇತ್ತ ನೋಡಿ, ಸೀದಾ ಗೂಡಿನೊಳಗೆ ಹೋಯಿತು. ಜಾಳಿ ಕಣ್ಣಿನೊಳಗಿಂದಲೇ! ತಲೆ ತೂರಿದರೆ ಮುಗೀತು, ಮೈ ತಾನೇ ಬರುತ್ತದೆ ಅದಕ್ಕೆ.

ಆಮೇಲೆ ಈ ಲೆಕ್ಕ ಬೇರೆಯವರ ಮನೆಯಲ್ಲೂ ಸರಿಹೋಯಿತು. ಹಲವು ಕೋಳಿ ಸತ್ತು ಚದುರಿ ಬಿದ್ದಿದ್ದರೆ ಜಾಸ್ತಿ ಸಲ ನಾಯಿಯೇ. ಒಂದೇ ಕೋಳಿ ಹೋಗಿ, ಹೊಲದ ಕಡೆ ಪುಕ್ಕದ ಸಾಲು ಇದ್ದರೆ ನರಿ ಇಲ್ಲಾ ಕಾಡುಬೆಕ್ಕು. ಮರಿಯನ್ನು ಬಿಲದ ಬಾಯಿವರೆಗೆ ಎಳೆದಿದ್ದರೆ ಹೆಗ್ಗಣ. ಹಗಲು ಹೊತ್ತಲ್ಲಿ ಬಯಲಲ್ಲಿ ಮರಿ ಮಾಯವಾದರೆ ತಲೆ ಎತ್ತಿ ಮೇಲೆ ನೋಡಬೇಕು, ಹದ್ದು, ಗಿಡಗ, ಕಾಗೆ.

ಸೋದರಮಾವನ ಮಗ ಒಬ್ಬ ವಿಷ ಇಡೋಣ, ಉರುಳು ಹಾಕೋಣ ಅಂತ ಬಂದಿದ್ದ. ಬೇಡ ಅಂದೆ. ಮುಂಗಲಿ, ನರಿ, ಕಾಡುಬೆಕ್ಕು ಇವೆಲ್ಲ 1972ರ ವನ್ಯಜೀವಿ ಕಾಯ್ದೆಯ ಕೆಳಗೆ ಬರುತ್ತವೆ, ಹಿಡಿದರೂ ಕೊಂದರೂ ಕೇಸು. ಅದು ಬಿಟ್ಟರೂ, ವಿಷ ತಿಂದು ಸಾಯುವುದು ಮೊದಲು ಯಾರದೋ ಸಾಕಿದ ನಾಯಿ, ಇಲ್ಲಾ ನಮ್ಮದೇ ಕೋಳಿ. ಕೇರೆಹಾವು, ಮುಂಗಲಿ ಇಲ್ಲದಿದ್ದರೆ ಇಲಿ ಹಿಡಿಯುವವರು ಯಾರು? ಶೇಂಗಾ ಕಾಳು ಚೀಲದಲ್ಲಿ ಉಳಿಯುತ್ತಾ?

ಫೆಬ್ರವರಿಯಲ್ಲಿ ಕೆಲಸ ಶುರು ಮಾಡಿದೆ. ಈ ಸಲ ಎರಡು ಭಾಗ. ರಾತ್ರಿ ಮಲಗಲು ಎಂಟು ಅಡಿ ಉದ್ದ, ಐದು ಅಡಿ ಅಗಲದ ಖೋಲಿ. ಹಗಲು ಓಡಾಡಲು ಅದರ ಮುಂದೆ ಹನ್ನೆರಡು ಅಡಿ, ಎಂಟು ಅಡಿಯ ಜಾಳಿ ಅಂಗಳ. ಇಪ್ಪತ್ತು ಕೋಳಿಗೆ ಖೋಲಿ ಆರಾಮಾಗಿ ಸಾಕು, ಒಂದಕ್ಕೆ ಎರಡು ಚದರ ಅಡಿ ಬಿತ್ತಲ್ಲ. ಉದ್ದ ಪೂರ್ವ ಪಶ್ಚಿಮಕ್ಕೆ ಇಟ್ಟೆ, ಬಿಸಿಲು ಒಳಗೆ ಕಡಿಮೆ ಬೀಳುತ್ತದೆ. ಮಳೆಗಾಳಿ ಬರುವ ಪಶ್ಚಿಮದ ಗೋಡೆ ಪೂರ್ತಿ ತಗಡು.

ಖೋಲಿಯ ನೆಲಕ್ಕೆ ಫರಸಿ. ಹಳೇ ಪಡಸಾಲೆ ಕಿತ್ತಾಗ ಉಳಿದ ಶಹಾಬಾದ ಕಲ್ಲುಗಳು ಗೋಡೆಗೆ ಒರಗಿಕೊಂಡು ಹತ್ತು ವರ್ಷ ಆಗಿತ್ತು. ಗರಸು (ಕಲ್ಲು ಬೆರೆತ ಗಟ್ಟಿ ಮಣ್ಣು) ಹಾಕಿ ಬಡಿದು, ಮೇಲೆ ಫರಸಿ ಹಾಸಿ, ಸಂದಿಗೆಲ್ಲ ಸಿಮೆಂಟ್ ತುಂಬಿದೆವು. ಇನ್ನು ಕೆಳಗಿಂದ ಯಾರು ಕೆರೆದರೂ ತಲೆಗೆ ಫರಸಿಯೇ ಬಡಿಯಬೇಕು. ಮೇಲೆ ಅರ್ಧ ಗೇಣು ಭತ್ತದ ಹೊಟ್ಟು ಹರಡಿದರೆ ಕೋಳಿ ಕಾಲಿಗೂ ಮೆತ್ತಗೆ. ಗೌಂಡಿಗೆ ಒಂದು ದಿನದ ಪಗಾರ, ಸಿಮೆಂಟ್ ಒಂದು ಚೀಲ, ಅಷ್ಟೇ ಖರ್ಚು.

ಜಾಳಿ ತರಲು ಹುಬ್ಬಳ್ಳಿ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಅರ್ಧ ಇಂಚು ಕಣ್ಣಿನ ವೆಲ್ಡ್ ಮಾಡಿದ ಜಾಳಿ ಬೇಕು ಅನ್ನುವವರೆಗೆ ನಾನು ಶಾಣ್ಯಾನೇ. ಆಮೇಲೆ "ಗಟ್ಟಿ ಇರೂದು ಕೊಡ್ರಿ, 22 ಗೇಜ್" ಅಂದೆ. ನಂಬರ್ ಜಾಸ್ತಿ ಇದ್ದಷ್ಟೂ ತಂತಿ ದಪ್ಪ ಅಂತ ನನ್ನ ಲೆಕ್ಕ.

ಅಂಗಡಿಯವರು ನಕ್ಕರು. "ಉಲ್ಟಾ ಹೇಳಾಕತ್ತೀರಿ ಸರ. ನಂಬರ್ ಏರಿದಂಗ ತಂತಿ ಸಣ್ಣ ಆಕ್ಕೈತಿ. ಯಾವುದಕ್ಕ ಬೇಕಿತ್ತರಿ?"

"ಕೋಳಿ ಗೂಡಿಗೆ. ನಾಯಿ ಕಾಟ ಐತ್ರಿ."

"ಹಂಗಾದ್ರ 18 ಒಯ್ಯಿರಿ. ಈ 22 ನೋಡ್ರಿ, ಬೆರಳಿಂದ ಬಗ್ಗತೈತಿ."

22 ಗೇಜ್ ತಂತಿ ಸುಮಾರು 0.7 ಮಿಲಿಮೀಟರ್, 18 ಗೇಜ್ ಸುಮಾರು 1.2. ಕೈಯಲ್ಲಿ ಹಿಡಿದರೆ ಗೊತ್ತಾಗುತ್ತದೆ ಬಿಡಿ. ಮೂರು ಅಡಿ ಅಗಲ, ಐವತ್ತು ಅಡಿ ಉದ್ದದ ಒಂದು ಸುರುಳಿ ತಂದೆ. ಬಸ್ಸಲ್ಲಿ ಅದನ್ನ ಸಾಗಿಸಿದ ಕಥೆ ಬೇರೆ, ಕಂಡಕ್ಟರ್ ಅದಕ್ಕೂ ಒಂದು ಟಿಕೆಟ್ ಹರಿದ. ಒಂದು ಸುರುಳಿ ಸಾಲಲೂ ಇಲ್ಲ, ಆಮೇಲೆ ಮತ್ತೆ ಹತ್ತು ಮೀಟರ್ ಕಡಿಸಿಕೊಂಡು ಬಂದೆ. ದುಡ್ಡು ಉಳಿಸಲು ಅಂಗಳದ ಕೆಳಗಿನ ಮೂರು ಅಡಿಗೆ ಮಾತ್ರ ಈ ಗಟ್ಟಿ ಜಾಳಿ. ಅದರ ಮೇಲಕ್ಕೆ ಹಳೇ ಗೂಡಿನದ್ದೇ. ತಲೆ ಮೇಲೆ ಮೀನು ಬಲೆ, ಹದ್ದು ಕಾಗೆಗೆ ಅದು ಸಾಕು. ಬಲೆ ಹರಿದು ಬೆಕ್ಕು ಒಳಗೆ ಬರಬಹುದಲ್ಲ ಅಂತ ಕೇಳಬಹುದು ನೀವು. ಬರಬಹುದು. ಅದಕ್ಕೇ ರಾತ್ರಿ ಅಂಗಳದಲ್ಲಿ ಒಂದು ಕೋಳಿಯೂ ಇರುವುದಿಲ್ಲ, ಎಲ್ಲ ಖೋಲಿಯೊಳಗೆ.

ಜಾಳಿ ಹಚ್ಚುವಾಗ ಇನ್ನೊಂದು ಎಡವಟ್ಟು. ವೆಲ್ಡಿಂಗ್ ಹುಡುಗ ಜಾಳಿಯನ್ನ ಗೂಡಿನ ಕಬ್ಬಿಣದ ಆಂಗಲ್‌ಗೆ ಅಲ್ಲಲ್ಲಿ ವೆಲ್ಡ್ ಮಾಡಿ ಕೊಟ್ಟ. ನೋಡಲು ಗಟ್ಟಿ. ಆದರೆ ವೆಲ್ಡ್ ತಾಗಿದ ಕಡೆ ಮೇಲಿನ ಸತುವಿನ ಲೇಪ ಸುಟ್ಟು ಹೋಗುತ್ತದೆ, ಅಲ್ಲಿಂದಲೇ ತುಕ್ಕು ಶುರು. ಒಂದು ಬದಿ ಮುಗಿದ ಮೇಲೆ ಕಣ್ಣಿಗೆ ಬಿತ್ತು, ನಿಲ್ಲಿಸಿದೆ. ಉಳಿದ ಮೂರು ಬದಿಗೆ ಜಾಳಿಯ ಮೇಲೆ ಕಬ್ಬಿಣದ ಪಟ್ಟಿ ಇಟ್ಟು, ಗೇಣಿಗೊಂದು ತೂತು ಹೊಡೆದು ನಟ್ ಬೋಲ್ಟ್ ಹಾಕಿದೆವು. ನಿಧಾನದ ಕೆಲಸ. ಆದರೆ ಹೀಗೆ ಒತ್ತಿ ಹಿಡಿದರೆ ನಾಯಿ ಎಳೆದಾಗ ಭಾರ ಒಂದೇ ಕಡೆ ಬೀಳುವುದಿಲ್ಲ. ಬರೀ ಮೊಳೆ ಹೊಡೆದಿದ್ದರೆ ಒಂದು ಕಿತ್ತರೆ ಸಾಲಾಗಿ ಎಲ್ಲ ಕಿತ್ತು ಬರುತ್ತವೆ.

ಈಗ ನೆಲದ ಮಾತು. ಇದರಲ್ಲೇ ನಾನು ಜಾಸ್ತಿ ಸೋತಿದ್ದು.

ನಮ್ಮದು ಎರೆ ಮಣ್ಣು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗಿ ಬಿರಿಯುತ್ತದೆ. ಕಂಬ ನಿಲ್ಲಿಸಲು ಎರಡೂವರೆ ಅಡಿ ಗುಂಡಿ ತೆಗೆದು, ಗರಸು ತುಂಬಿ ಬಡಿದು, ನಡುವೆ ಖಡಿ ಸಿಮೆಂಟ್ ಹಾಕಿದ್ದೆ, ಅಷ್ಟು ಬುದ್ಧಿ ಇತ್ತು. ಜಾಳಿಗೆ ಮಾತ್ರ ಎಲ್ಲರೂ ಹೇಳುವಂಗೆ ಅಂಗಳದ ಸುತ್ತ ಒಂದು ಅಡಿ ಆಳ ಕಾಲುವೆ ತೋಡಿ ಸೀದಾ ಕೆಳಕ್ಕೆ ಹೂತೆ. ಹಾರೆ ಹಿಡಿದು ಹಿಡಿದು ಅಂಗೈ ಬೊಕ್ಕೆ ಬಂದವು. ಮುಗಿದ ದಿನ ನನಗೆ ನಾನೇ ಶಾಭಾಸ್ ಅಂದುಕೊಂಡೆ.

ಏಪ್ರಿಲ್ ಎರಡನೇ ವಾರ ನೋಡಿದರೆ ಜಾಳಿ ಹೂತ ಗೆರೆಯಲ್ಲೇ ನೆಲ ಬಿರಿದಿದೆ. ಬೇರೆ ಕಡೆ ಬಿರಿಯಲಿಲ್ಲ, ನಾನು ಅಗೆದು ಸಡಿಲ ಮಾಡಿದ ಗೆರೆ ಹಿಡಿದೇ ಬಿರಿದಿದೆ. ಕೈ ಇಳಿಸಿದರೆ ಮೊಣಕೈವರೆಗೆ ಹೋಯಿತು. ಜಾಳಿಯ ಕೆಳ ಅಂಚು ಗಾಳಿಯಲ್ಲಿ ನೇತಾಡುತ್ತಿತ್ತು. ಹೆಗ್ಗಣಗಳು ಆ ಬಿರುಕಲ್ಲೇ ದಾರಿ ಮಾಡಿಕೊಂಡು ಅಂಗಳಕ್ಕೆ ಬಂದು ನುಚ್ಚು ತಿಂದು ಹೋಗುತ್ತಿದ್ದವು. ನಾನೇ ಅಗೆದು ಬಾಗಿಲು ತೆಗೆದು ಕೊಟ್ಟಂಗಾಗಿತ್ತು.

ಎರಡು ದಿನ ಅದರ ಕಡೆ ನೋಡಲಿಲ್ಲ. ಆಮೇಲೆ ಹಳೇ ಗೂಡಿನ ಬುಡದಲ್ಲಿ ನಾಯಿ ಕೆರೆದ ಗುಂಡಿ ನೆನಪಾಯ್ತು. ನಾಯಿಯಾಗಲಿ ನರಿಯಾಗಲಿ ಗೋಡೆ ಬುಡಕ್ಕೆ ಮೂಗು ಹಚ್ಚಿ ಅಲ್ಲೇ ಕೆರೆಯುತ್ತದೆ. ಎರಡು ಅಡಿ ಹಿಂದೆ ಸರಿದು ಅಲ್ಲಿಂದ ಸುರಂಗ ತೋಡೋಣ ಅಂತ ಅದಕ್ಕೆ ಹೊಳೆಯುವುದಿಲ್ಲ. ಹಾಗಾದರೆ ಜಾಳಿ ಕೆಳಕ್ಕೆ ಯಾಕೆ ಹೋಗಬೇಕು? ಹೊರಕ್ಕೆ ಹಾಸಿದರೆ ಸಾಕಲ್ವಾ?

ಹೂತದ್ದನ್ನ ಕಿತ್ತೆ. ಬಿರುಕಿಗೆ ಗರಸು ತುಂಬಿ ನೀರು ಹೊಡೆದು ಬಡಿದೆ. ಒಂದು ಇಂಚು ಕಣ್ಣಿನ, ಎರಡು ಅಡಿ ಅಗಲದ ದಪ್ಪ ಜಾಳಿ ತಂದು ಗೂಡಿನ ಸುತ್ತ ನೆಲದ ಮೇಲೆ ಮಲಗಿಸಿ ಹಾಸಿದೆ. ಗೋಡೆ ಜಾಳಿಗೂ ಇದಕ್ಕೂ ಸೇರುವ ಕಡೆ ನಾಲ್ಕು ಬೆರಳಿಗೊಂದು ತಂತಿ ಕಟ್ಟು. ಹೊರ ಅಂಚಿಗೆ ಸರಳು ತುಂಡುಗಳನ್ನ ಕೊಕ್ಕೆ ಥರ ಬಗ್ಗಿಸಿ ನೆಲಕ್ಕೆ ಬಡಿದೆ. ಮೇಲೆ ಖಡಿ, ಒಡೆದ ಹಂಚು, ಸಿಕ್ಕ ಕಲ್ಲು. ನೆಲ ಉಬ್ಬಿದರೆ ಇದೂ ಜೊತೆಗೆ ಏಳುತ್ತದೆ, ಕುಗ್ಗಿದರೆ ಜೊತೆಗೆ ಇಳಿಯುತ್ತದೆ. ಅವ್ವ ನೋಡಿ "ಗೂಡಿಗೆ ಸೆರಗು ಹಾಸೀಯಲ್ಲೋ" ಅಂದಳು. ನಮ್ಮ ಮನೆಯಲ್ಲಿ ಈಗ ಅದರ ಹೆಸರೇ ಸೆರಗು.

ಅದೇ ಏಪ್ರಿಲಲ್ಲಿ ಇನ್ನೊಂದು ಪಾಡು. ಜನವರಿಯ ಹೆದರಿಕೆಯಲ್ಲಿ ನಾನು ಖೋಲಿಯನ್ನ ಟ್ರಂಕಿನಂಗೆ ಮುಚ್ಚಿಬಿಟ್ಟಿದ್ದೆ, ಮೇಲೆ ಬರೀ ನಾಲ್ಕು ಬೆರಳು ಸಂದು. ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಕಣ್ಣು ಉರಿಯುವ ವಾಸನೆ. ಹಿಕ್ಕೆಯಿಂದ ಏಳುವ ಅಮೋನಿಯಾ ಅದು. ಕೋಳಿಗಳು ಬಾಯಿ ತೆರೆದು, ರೆಕ್ಕೆ ಮೈಯಿಂದ ದೂರ ಹಿಡಿದು ಏದುಸಿರು ಬಿಡುತ್ತಾ ಕೂತಿದ್ದವು. ನಾಯಿಗೆ ಸಿಗದಂಗೆ ಇಟ್ಟು ನಾನೇ ಬೇಯಿಸುತ್ತಿದ್ದೆ. ಉತ್ತರ, ದಕ್ಷಿಣದ ಗೋಡೆಗಳಲ್ಲಿ ಮೂರು ಅಡಿ ತಗಡು ಉಳಿಸಿ ಅದರ ಮೇಲಕ್ಕೆ ಕತ್ತರಿಸಿ ತೆಗೆದು ಅರ್ಧ ಇಂಚಿನ ಜಾಳಿ ಹಚ್ಚಿದೆ. ಗಾಳಿ ಕೋಳಿಯ ತಲೆ ಮೇಲಿಂದ ಆರಪಾರ ಹೋಗುತ್ತದೆ, ಮೈಗೆ ನೇರ ಹೊಡೆಯುವುದಿಲ್ಲ. ತಗಡಿನ ಮಾಡಿನ ಮೇಲೆ ಬೇಸಿಗೆಗೆ ಜೋಳದ ಕಣಿಕಿ ಹೊರೆ ಹೊದಿಸಿದೆ.

ಕಾಳು ರಾತ್ರಿ ಒಳಗೆ ಇಡುವುದಿಲ್ಲ. ಸಂಜೆ ತಟ್ಟೆ ಎತ್ತಿ, ನುಚ್ಚು ಮುಚ್ಚಳದ ಡಬ್ಬಿಗೆ. ಕಾಳು ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ಅರ್ಧ ಇಂಚಿನ ಕಣ್ಣಲ್ಲಿ ದೊಡ್ಡ ಹಾವು ತೂರುವುದಿಲ್ಲ, ಮರಿ ಹಾವು ತೂರಬಹುದು, ಅದಕ್ಕೆ ಮೊಟ್ಟೆ ನುಂಗುವ ಬಾಯಿ ಇರುವುದಿಲ್ಲ. ಆದರೂ ಅವ್ವನಿಗೆ ಹೇಳಿದ್ದೇನೆ, ಮೊಟ್ಟೆ ಗೂಡಿಗೆ ಕಾಣದೆ ಕೈ ಹಾಕಬೇಡ, ಬ್ಯಾಟರಿ ಬೆಳಕು ಬಿಟ್ಟು ನೋಡು ಅಂತ. ಅವಳು ಬಿಡುವುದಿಲ್ಲ, ಕೋಲಿಂದ ತಟ್ಟುತ್ತಾಳೆ.

ಹೊಸ ಗೂಡಿಗೆ ಕೋಳಿಗಳು ಹೋಗಲು ಒಪ್ಪಲಿಲ್ಲ. ಸಂಜೆಯಾದರೆ ದನದ ಮನೆ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದವು. ನಾಲ್ಕು ದಿನ ಹೊರಗೇ ಬಿಡದೆ ಒಳಗೇ ನೀರು ಕಾಳು ಕೊಟ್ಟೆವು. ಐದನೇ ದಿನ ತಾವೇ ಹೋದವು. ಕೂರಲು ಎರಡು ಇಂಚು ಅಗಲದ ಬೇವಿನ ಗಳ, ಮೊಟ್ಟೆ ಬುಟ್ಟಿಗಳಿಗಿಂತ ಎತ್ತರದಲ್ಲಿ. ಬುಟ್ಟಿ ಮೇಲಿದ್ದರೆ ಅದರಲ್ಲೇ ಮಲಗಿ ಹೊಲಸು ಮಾಡುತ್ತವೆ.

ಜೂನ್ ಮೊದಲ ದೊಡ್ಡ ಮಳೆಗೆ ಗೊತ್ತಾಯ್ತು ನನ್ನ ಗರಸಿನ ಗುಂಡಿಯೂ ಪೂರ್ತಿ ಗೆದ್ದಿಲ್ಲ ಅಂತ. ಬಾಗಿಲಿನ ಎಡಗಂಬ ಒಂದು ಬೆರಳಿನಷ್ಟು ಎದ್ದಿತ್ತು. ಚಿಲಕ ಕೂರುತ್ತಿರಲಿಲ್ಲ, ಬಾಗಿಲ ಬುಡದಲ್ಲಿ ಒಂದು ಕಡೆ ಎರಡು ಬೆರಳು ಸಂದು. ಮುಂಗಲಿಗೆ ಅಷ್ಟು ಸಾಕು. ಚಿಲಕದ ತೂತನ್ನ ಉದ್ದಕ್ಕೆ ಕೊರೆಸಿದೆ, ಕಂಬ ಮೇಲೆ ಕೆಳಗೆ ಆಡಿದರೂ ಕೂರುವಂಗೆ. ಬುಡಕ್ಕೆ ಹೊಸ್ತಿಲಂಗೆ ಒಂದು ಫರಸಿ ನಿಲ್ಲಿಸಿ, ಬಾಗಿಲ ಕೆಳ ಅಂಚಿಗೆ ಹಿಟ್ಟಿನ ಗಿರಣಿಯ ಹಳೇ ಬೆಲ್ಟಿನ ಪಟ್ಟಿ ಹೊಡೆದೆ. ಒಂದು ಚಿಲಕ ಇದ್ದದ್ದು ಈಗ ಮೇಲೆ ಒಂದು, ಕೆಳಗೆ ಒಂದು. ಮೊದಲು ಮೇಲಿನದು ಒಂದೇ ಇದ್ದಾಗ ಬಾಗಿಲ ಕೆಳ ಮೂಲೆ ಒತ್ತಿದರೆ ಬಿಲ್ಲಿನಂಗೆ ಬಾಗಿ ತೆರೆಯುತ್ತಿತ್ತು.

ಜುಲೈನಲ್ಲಿ ಒಂದು ರಾತ್ರಿ ಹುಂಜ ಬಹಳ ಒದರಿತು. ಬ್ಯಾಟರಿ ಹಿಡಿದು ಹೋಗುವಷ್ಟರಲ್ಲಿ ಯಾರೂ ಇಲ್ಲ. ಬೆಳಿಗ್ಗೆ ನೋಡಿದರೆ ಉತ್ತರದ ಬದಿಯಲ್ಲಿ ಸೆರಗಿನ ಮೇಲಿನ ಖಡಿ ಎರಡು ಕಡೆ ಚೆಲ್ಲಾಪಿಲ್ಲಿ, ಜಾಳಿ ಹೊಳೆಯುತ್ತಿತ್ತು, ಒಂದು ತಂತಿಗೆ ಕಂದು ಕೂದಲು ಸಿಕ್ಕಿತ್ತು. ಗೋಡೆ ಬುಡದಲ್ಲೇ ಕೆರೆದಿದ್ದು. ಕೋಳಿ ಎಣಿಸಿದೆ, ಆಮೇಲೆ ಸೇರಿದವೂ ಕೂಡಿ ಹದಿನಾಲ್ಕಕ್ಕೆ ಹದಿನಾಲ್ಕೂ ಇದ್ದವು. ಇನ್ನೊಮ್ಮೆ ಎಣಿಸಿದೆ. ಅವ್ವನನ್ನೂ ಕರೆದು ಎಣಿಸಿದೆ.

ಕಾಕಾ ಬಂದು ಕೂದಲು ಬೆರಳಲ್ಲಿ ಹಿಡಿದು ನೋಡಿದ. "ಅದss ನಾಯಿ" ಅಂದ, ಚಹಾ ಕುಡಿದು ಹೋದ.

ಆಂಗಲ್, ಜಾಳಿ, ಸಿಮೆಂಟ್, ವೆಲ್ಡಿಂಗ್, ಕೂಲಿ ಎಲ್ಲ ಸೇರಿ ಹದಿನೇಳು ಸಾವಿರದ ಮೇಲೆ ಹೋಯಿತು. ತಗಡು, ಫರಸಿ ಮನೆಯದೇ. ಕೋಳಿ ಲೆಕ್ಕ ಹಾಕಿದರೆ ಇದು ಲಾಭದ ಮಾತೇ ಅಲ್ಲ, ನನ್ನ ಹೆಂಡತಿ ಅದನ್ನ ಆಗಾಗ ನೆನಪಿಸುತ್ತಾಳೆ. ಈ ಗೂಡಿನ ಫೋಟೋ ಮಾತ್ರ ಯಾರಿಗೂ ಕಳಿಸಿಲ್ಲ.

ಅಮಾವಾಸ್ಯೆಗೆ ಅವ್ವ ಮನೆ ಸಾರಿಸುವಾಗ ನಾನು ಪಾನಾ, ಪಕ್ಕಡ ಹಿಡಿದು ಗೂಡಿನ ಸುತ್ತ ಒಂದು ಸುತ್ತು ಹಾಕುತ್ತೇನೆ. ನಟ್ ಬಿಗಿ ಮಾಡುವುದು, ಸೆರಗಿನ ಕಟ್ಟು ಎಳೆದು ನೋಡುವುದು, ಬಿರುಕು ಕಂಡರೆ ಗರಸು. ಹೋದ ಅಮಾವಾಸ್ಯೆಗೆ ವೆಲ್ಡ್ ಮಾಡಿದ ಆ ಒಂದು ಬದಿಯಲ್ಲಿ ಎರಡು ಕಡೆ ತಂತಿ ತುಕ್ಕು ತಿಂದು ಬಿಟ್ಟಿತ್ತು. ಸದ್ಯಕ್ಕೆ ತಂತಿ ಸುತ್ತಿದ್ದೇನೆ. ಭಾನುವಾರ ಪಟ್ಟಿ ತರಬೇಕು.